ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ: ಕರಾರು ಪತ್ರ ಓದುವ ಹಾಗೆ ಓದೋಣ

ಬೆಟಗೇರಿಯ ನಮ್ಮ ಮನೆಕೂಟದಲ್ಲಿ ಒಂದು ಗುರುವಾರ ಸಂಜೆ ಒಬ್ಬ ಆಯಿ ನನ್ನನ್ನು ತಡೆದು ಕೇಳಿದರು. "ಅಕ್ಕಾರ, ಹೊಸಾದು ಬಂತಂದ್ರ ಹಳೇದು ಕ್ಯಾನ್ಸಲ್ ಆತೇನ್ರೀ? ಹಂಗಾದ್ರ ಇಷ್ಟು ದಪ್ಪ ಪುಸ್ತಕ ಯಾಕ ಹೊತ್ಗೊಂಡ ಬರ್ತೀವ್ರಿ?" ಅವರ ತೊಡೆಯ ಮೇಲೆ ಸತ್ಯವೇದ, ಅಂದರೆ ಬೈಬಲ್, ತೆರೆದಿತ್ತು. ಬೆರಳು ಹಳೆ ಒಡಂಬಡಿಕೆ ಮುಗಿಯುವ ಮಲಾಕಿಯನ ಕೊನೆ ಪುಟದ ಮೇಲಿತ್ತು. ಎಡಗಡೆ ಮುಕ್ಕಾಲು ಪಾಲು ಹಾಳೆ, ಬಲಗಡೆ ಕಾಲು ಪಾಲು.

"ಹಳೆಯದರಲ್ಲಿ ನಿಯಮ, ಹೊಸದರಲ್ಲಿ ಕೃಪೆ" ಅಂತ ಹೇಳಿ ಅವತ್ತು ಮಾತು ಮುಗಿಸಿಬಿಟ್ಟೆ. ಎಲ್ಲರೂ ತಲೆ ಆಡಿಸಿದರು. ಮನೆಗೆ ಬಂದ ಮೇಲೆ ನನಗೆ ಸಮಾಧಾನ ಆಗಲಿಲ್ಲ. ಆ ಉತ್ತರದಿಂದ ಆಯಿಯ ಕೈಯಲ್ಲಿದ್ದ ಮುಕ್ಕಾಲು ಪುಸ್ತಕ ಸುಮ್ನೆ ಹೊರೆಯಾಗಿ ಉಳಿದಿತ್ತು. ಮುಂದಿನ ಆರು ಗುರುವಾರ ನಾವು ಬೇರೆ ಏನನ್ನೂ ಓದಲಿಲ್ಲ. ಇದನ್ನೇ ಓದಿದೆವು. ಆ ಓದಿನ ದಾರಿ ಇಲ್ಲಿದೆ. ಕೂಟ ನಡೆಸುವವರಿಗೆ, ಸಂಡೇ ಸ್ಕೂಲ್ ಟೀಚರ್‌ಗಳಿಗೆ, ಒಬ್ಬರೇ ಕೂತು ಓದುವವರಿಗೆ ಉಪಯೋಗ ಆಗುತ್ತದೆ. ಒಂದು ಸತ್ಯವೇದ, ಒಂದು ನೋಟ್‌ಬುಕ್ ಸಾಕು.

ಹೆಜ್ಜೆ 1: ಪುಸ್ತಕ ಬೇರೆ, ಒಡಂಬಡಿಕೆ ಬೇರೆ

ಗೊಂದಲ ಶುರುವಾಗುವುದೇ ಇಲ್ಲಿ. ಹಳೆ ಒಡಂಬಡಿಕೆ ಅಂದರೆ ನಮ್ಮ ಬಾಯಲ್ಲಿ ಎರಡು ಅರ್ಥ ಇದೆ. ಒಂದು, ಆದಿಕಾಂಡದಿಂದ ಮಲಾಕಿಯನವರೆಗಿನ 39 ಪುಸ್ತಕಗಳು. ಕಥೋಲಿಕರ ಬೈಬಲ್‌ನಲ್ಲಿ ಇವು 46. ಇನ್ನೊಂದು, ಸೀನಾಯಿ ಬೆಟ್ಟದ ಬುಡದಲ್ಲಿ ದೇವರು ಇಸ್ರಾಯೇಲರ ಜೊತೆ ಮಾಡಿಕೊಂಡ ಒಂದು ನಿರ್ದಿಷ್ಟ ಒಡಂಬಡಿಕೆ. ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರ "ಹಳೆಯದು" ಅಂದಾಗ ಅದರ ಬೆರಳು ಸೀನಾಯಿಯ ಕಡೆ ಇದೆ. 39 ಪುಸ್ತಕಗಳ ಕಡೆ ಅಲ್ಲ.

ಆ 39 ಪುಸ್ತಕಗಳ ಒಳಗೇ ಬೇರೆ ಬೇರೆ ಒಡಂಬಡಿಕೆಗಳಿವೆ. ನೋಹನ ಜೊತೆ ಒಂದು, ಅಬ್ರಹಾಮನ ಜೊತೆ ಒಂದು, ಸೀನಾಯಿಯಲ್ಲಿ ಒಂದು, ದಾವೀದನ ಜೊತೆ ಒಂದು. ಇನ್ನೊಂದು ವಿಷಯ ನಮ್ಮ ಕೂಟದಲ್ಲಿ ಎಲ್ಲರಿಗೂ ಆಶ್ಚರ್ಯ ತಂದಿತು. "ಹೊಸ ಒಡಂಬಡಿಕೆ" ಅನ್ನುವ ಮಾತು ಮೊದಲು ಬರುವುದು ಹಳೆ ಪುಸ್ತಕಗಳಲ್ಲೇ, ಯೆರೆಮೀಯ 31:31ರಲ್ಲಿ. ಅಂದರೆ ಹೊಸದರ ಬೀಜ ಎಡಗಡೆ ಹಾಳೆಗಳಲ್ಲೇ ಇದೆ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇಷ್ಟನ್ನು ಬರೆದುಕೊಳ್ಳಿ. ಮುಂದಿನ ಅರ್ಧ ಜಗಳ ಇಲ್ಲೇ ತೀರುತ್ತದೆ.

ಹೆಜ್ಜೆ 2: ಐದು ಪ್ರಶ್ನೆ ಕೈಯಲ್ಲಿರಲಿ

ನಮ್ಮ ಅಪ್ಪನ ಟ್ರಂಕಿನಲ್ಲಿ ಒಂದು ಲಾವಣಿ ಕಾಗದ, ಅಂದರೆ ಹೊಲದ ಗೇಣಿ ಕರಾರು, ಇದೆ. ನಾಲ್ಕು ಎಕರೆ ಎರಿ ಹೊಲ, ಮೂರು ವರ್ಷಕ್ಕೆ. ಮಡಿಚಿದ ಕಡೆಯೆಲ್ಲ ಹರಿದಿದೆ. ಮೇಲೆ "ಬರೆದುಕೊಟ್ಟವರು", "ಬರೆಸಿಕೊಂಡವರು" ಅಂತ ಎರಡು ಹೆಸರು. ನಡುವೆ ಷರತ್ತು. ಕೆಳಗೆ ನೀಲಿ ಮಸಿಯ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಎರಡನೇ ಗುರುವಾರ ಅದನ್ನು ಕೂಟಕ್ಕೆ ಒಯ್ದೆ. ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಇಂಥ ಕಾಗದ ಓದುವುದನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ.

ಒಡಂಬಡಿಕೆಗಳನ್ನೂ ಹಾಗೇ ಓದಿ. ಬರೆದುಕೊಟ್ಟವರು ಯಾರು? ಬರೆಸಿಕೊಂಡವರು ಯಾರು? ಷರತ್ತು ಏನು? ಗುರುತು ಏನು? ಮುರಿದರೆ ನಷ್ಟ ಯಾರಿಗೆ? ಪ್ರತಿ ಭಾಗ ಓದಿದ ಮೇಲೂ ಈ ಐದಕ್ಕೆ ಉತ್ತರ ಬರೆದುಕೊಳ್ಳಿ. ಐದನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ಅಂತರ ಅಲ್ಲೇ ಸಿಗುತ್ತದೆ.

ಹೆಜ್ಜೆ 3: ಸೀನಾಯಿಯನ್ನು ಒಂದೇ ಸಲಕ್ಕೆ ಓದಿ

ವಿಮೋಚನಕಾಂಡ 19ರಿಂದ 24ರವರೆಗೆ ಒಂದೇ ಕೂತಿನಲ್ಲಿ, ಗಟ್ಟಿಯಾಗಿ ಓದಿ. ಸುಮಾರು ಅರ್ಧ ತಾಸು ಹಿಡಿಯುತ್ತದೆ. ನಾವು ಸಾಮಾನ್ಯವಾಗಿ 20ನೇ ಅಧ್ಯಾಯದ ಹತ್ತು ಆಜ್ಞೆ ಅಷ್ಟನ್ನೇ ಓದಿ ಮುಂದೆ ಹೋಗುತ್ತೇವೆ. ಹಾಗೆ ಓದಿದರೆ ಎರಡು ಮುಖ್ಯ ಸಂಗತಿ ಕೈತಪ್ಪುತ್ತವೆ.

ಮೊದಲನೆಯದು, ಆಜ್ಞೆಗಳಿಗಿಂತ ಮುಂಚೆ ಬರುವ ಸಾಲು. "ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದ ನಿನ್ನ ದೇವರು ನಾನೇ" ಅಂತ ಹೇಳಿ ಆಮೇಲೆ ದೇವರು ಆಜ್ಞೆ ಕೊಡುತ್ತಾರೆ. ಇಸ್ರಾಯೇಲರು ಸಮುದ್ರ ದಾಟಿದ್ದು 14ನೇ ಅಧ್ಯಾಯದಲ್ಲಿ. ಆಜ್ಞೆ ಬಂದದ್ದು 20ರಲ್ಲಿ. ಮೊದಲು ಬಿಡುಗಡೆ, ನಂತರ ಆಜ್ಞೆ. ಆಜ್ಞೆ ಪಾಲಿಸಿದ್ದಕ್ಕೆ ಬಿಡುಗಡೆ ಸಿಕ್ಕಿದ್ದಲ್ಲ. ಹಾಗಾಗಿ "ಹಳೆಯದರಲ್ಲಿ ಕೃಪೆ ಇರಲಿಲ್ಲ" ಅನ್ನುವ ನನ್ನ ಮೊದಲ ಉತ್ತರ ಇಲ್ಲೇ ಬಿದ್ದುಹೋಯಿತು.

ಎರಡನೆಯದು, 24ನೇ ಅಧ್ಯಾಯ. ಕರಾರಿಗೆ ಸಹಿ ಬೀಳುವುದು ಇಲ್ಲಿ. ಮೋಶೆ ಬೆಟ್ಟದ ಕೆಳಗೆ ಯಜ್ಞವೇದಿ ಕಟ್ಟಿಸುತ್ತಾನೆ. ಹನ್ನೆರಡು ಕುಲಕ್ಕೆ ಹನ್ನೆರಡು ಕಂಬ ನಿಲ್ಲಿಸುತ್ತಾನೆ. ಯಜ್ಞದ ರಕ್ತದಲ್ಲಿ ಅರ್ಧವನ್ನು ಬೋಗುಣಿಗಳಲ್ಲಿ ಇಡುತ್ತಾನೆ, ಅರ್ಧವನ್ನು ವೇದಿಗೆ ಎರಚುತ್ತಾನೆ. ಒಡಂಬಡಿಕೆಯ ಗ್ರಂಥ ಓದಿ ಹೇಳುತ್ತಾನೆ. ಜನ "ಎಲ್ಲಾ ಮಾಡ್ತೀವಿ, ವಿಧೇಯರಾಗಿರ್ತೀವಿ" ಅನ್ನುತ್ತಾರೆ. ಉಳಿದ ರಕ್ತ ಅವರ ಮೇಲೆ ಬೀಳುತ್ತದೆ. "ಇದೇ ಒಡಂಬಡಿಕೆಯ ರಕ್ತ" ಅನ್ನುತ್ತಾನೆ ಮೋಶೆ. ಈ ಮಾತಿಗೆ ಕೆಳಗೆರೆ ಹಾಕಿಡಿ. ಆರನೇ ಹೆಜ್ಜೆಯಲ್ಲಿ ಮತ್ತೆ ಬೇಕಾಗುತ್ತದೆ. ಆಮೇಲೆ ಎಪ್ಪತ್ತು ಮಂದಿ ಹಿರಿಯರು ಬೆಟ್ಟ ಹತ್ತಿ ದೇವರ ಸನ್ನಿಧಿಯಲ್ಲಿ ಊಟ ಮಾಡುತ್ತಾರೆ. ನಮ್ಮಲ್ಲೂ ಮಾತುಕತೆ ಪಕ್ಕಾ ಆದ ಮೇಲೆ ಒಟ್ಟಿಗೆ ಕೂತು ಉಣ್ಣುವುದಿದೆ, ಅಲ್ವಾ?

"ಮಾಡ್ತೀವಿ" ಅನ್ನುವ ಮಾತು ಮೂರು ಸಲ ಬರುತ್ತದೆ: 19:8, 24:3, 24:7. ಕೂಟದಲ್ಲಿ ಎಲ್ಲರೂ ಸೇರಿ ಅದನ್ನು ಹೇಳಿ ನೋಡಿ. ಕೂಡಲೇ 32ನೇ ಅಧ್ಯಾಯ ತೆಗೆಯಿರಿ. ಮೋಶೆ ಬೆಟ್ಟದ ಮೇಲಿದ್ದ ನಲವತ್ತು ದಿನದೊಳಗೆ ಚಿನ್ನದ ಕರು ಎದ್ದು ನಿಂತಿದೆ. ಅವನು ಇಳಿದು ಬಂದು ಕಲ್ಲಿನ ಹಲಗೆಗಳನ್ನು ಒಡೆದು ಹಾಕುತ್ತಾನೆ. ಕರಾರಿನ ಮಸಿ ಒಣಗುವ ಮುಂಚೆಯೇ ಮಾತು ತಪ್ಪಿದ್ದು ಜನರು. ಆದರೂ 34ನೇ ಅಧ್ಯಾಯದಲ್ಲಿ ದೇವರು ಮತ್ತೆ ಎರಡು ಹಲಗೆ ಕೆತ್ತಿಸಿಕೊಂಡು ಬಾ ಅನ್ನುತ್ತಾರೆ.

ಈಗ ಐದು ಪ್ರಶ್ನೆ. ಬರೆದುಕೊಟ್ಟವರು ದೇವರು. ಬರೆಸಿಕೊಂಡವರು ಇಸ್ರಾಯೇಲರು. ಷರತ್ತು 19:5ರಲ್ಲಿದೆ: ನನ್ನ ಮಾತು ಕೇಳಿ ನಡೆದರೆ ನೀವು ನನ್ನ ಸ್ವಕೀಯ ಜನ. ಗುರುತು ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಅದು 31ನೇ ಅಧ್ಯಾಯದಲ್ಲಿದೆ. ಮುರಿದರೆ? ಧರ್ಮೋಪದೇಶಕಾಂಡ 28 ತೆಗೆದು ನೋಡಿ. ಆಶೀರ್ವಾದ 14 ವಚನ, ಶಾಪ 50ಕ್ಕಿಂತ ಜಾಸ್ತಿ. ನಷ್ಟ ಜನರಿಗೆ.

ಹೆಜ್ಜೆ 4: ಅಬ್ರಹಾಮನ ರಾತ್ರಿಗೆ ಹಿಂದಕ್ಕೆ ಹೋಗಿ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ಇಡೀ ಓದಿನ ಕೀಲಿಕೈ.

ಆದಿಕಾಂಡ 15. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ. ಅಬ್ರಾಮ (ಅಬ್ರಹಾಮನ ಮೊದಲಿನ ಹೆಸರು) ಪ್ರಾಣಿಗಳನ್ನು ಎರಡು ಹೋಳು ಮಾಡಿ ಎದುರುಬದುರು ಇಡುತ್ತಾನೆ. ಹದ್ದುಗಳು ಎರಗುತ್ತವೆ, ಓಡಿಸುತ್ತಾನೆ. ಹೊತ್ತು ಮುಳುಗುತ್ತದೆ. ಗಾಢ ನಿದ್ರೆ, ಕತ್ತಲೆಯ ಭಯ. ಆಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ.

ಹೋಳುಗಳ ನಡುವೆ ನಡೆಯುವುದು ಆ ಕಾಲದ ಆಣೆ. "ಮಾತು ತಪ್ಪಿದರೆ ನನಗೂ ಈ ಪ್ರಾಣಿಯ ಗತಿ ಆಗಲಿ" ಅನ್ನುವುದು ಅದರ ಅರ್ಥ. ಯೆರೆಮೀಯ 34:18ರಲ್ಲಿ ಇದೇ ಪದ್ಧತಿ ಬರುತ್ತದೆ. ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಒಡಂಬಡಿಕೆಗೆ ಬೆರೀತ್ ಅನ್ನುತ್ತಾರೆ. ಅದನ್ನು ಹೆಚ್ಚಾಗಿ "ಮಾಡುವುದು" ಅನ್ನುವುದಿಲ್ಲ, "ಕತ್ತರಿಸುವುದು" ಅನ್ನುತ್ತಾರೆ. ನಮ್ಮ ಭಾಷೆಯ ಒಡಂಬಡು ಅನ್ನುವುದು ಒಪ್ಪಿಗೆಯ ಮಾತು. ಅದರಲ್ಲಿ ಈ ಕತ್ತಿಯ ಅಂಚು ಕಾಣುವುದಿಲ್ಲ. ಆದ್ದರಿಂದ ಕೂಟದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಈಗ ನೋಡಿ. ಆ ರಾತ್ರಿ ಹೋಳುಗಳ ನಡುವೆ ನಡೆದದ್ದು ಯಾರು? ಅಬ್ರಾಮ ನಡೆಯಲಿಲ್ಲ. ದೇವರ ಗುರುತಾದ ಬೆಂಕಿ ಮಾತ್ರ ಹಾದುಹೋಯಿತು. ಐದನೇ ಪ್ರಶ್ನೆಗೆ ಇಲ್ಲಿ ಬೇರೆಯೇ ಉತ್ತರ ಬರುತ್ತದೆ. ಆಣೆಯ ಭಾರ ಬರೆದುಕೊಟ್ಟವರ ಮೇಲೇ ಬಿತ್ತು. ಇದನ್ನು ಓದಿದಾಗ ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಮುಂದೆ ಓದುವ ಆತುರ ಮಾಡಲಿಲ್ಲ. ನೀವೂ ಮಾಡಬೇಡಿ.

ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಹಿಡಿಯುವುದು ಇದೇ ಎಳೆಯನ್ನು. ಧರ್ಮಶಾಸ್ತ್ರ ಬಂದದ್ದು ವಾಗ್ದಾನದ 430 ವರ್ಷ ಆದ ಮೇಲೆ. ಮೊದಲೇ ಪಕ್ಕಾ ಆದ ಮಾತನ್ನು ಹಿಂದಿನಿಂದ ಬಂದದ್ದು ರದ್ದು ಮಾಡಲಾರದು ಅಂತ ಅವನ ವಾದ. ಹಾಗಾದರೆ ಧರ್ಮಶಾಸ್ತ್ರ ಯಾಕೆ? ಅವನು ಕೊಡುವ ಹೋಲಿಕೆ, ಹುಡುಗನನ್ನು ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದ ಗ್ರೀಕರ ಮನೆಯಾಳು. ಹುಡುಗ ದೊಡ್ಡವನಾಗುವ ತನಕ ಆ ಕಾವಲು ಬೇಕು.

ಹೆಜ್ಜೆ 5: ಯೆರೆಮೀಯ 31:31–34

ನಾಲ್ಕೇ ವಚನ. ಬಾಯಿಪಾಠ ಮಾಡಿಸಿ. ಯೆರೆಮೀಯ ಇದ್ದದ್ದು ಬಾಬೆಲಿನವರು ಯೆರೂಸಲೇಮನ್ನು ಕೆಡವಿದ ಕಾಲದಲ್ಲಿ, ಕ್ರಿಸ್ತಪೂರ್ವ ಆರನೇ ಶತಮಾನದ ಆರಂಭ. ದೇವಾಲಯ ಸುಟ್ಟುಹೋಗುವ ಹೊತ್ತಿನಲ್ಲಿ ಬಂದ ಮಾತು ಇದು. ಹಳೆಯದನ್ನು ಅವರು ಮುರಿದರು ಅಂತ ನೇರವಾಗಿ ಹೇಳಿದ ಮೇಲೆ ದೇವರು ಹೊಸದರ ಬಗ್ಗೆ ಹೇಳುತ್ತಾರೆ: ನನ್ನ ಧರ್ಮೋಪದೇಶವನ್ನು ಅವರ ಹೃದಯದೊಳಗೆ ಬರೆಯುವೆನು, ನಾನು ಅವರ ದೇವರು ಅವರು ನನ್ನ ಜನ, ಚಿಕ್ಕವರಿಂದ ದೊಡ್ಡವರ ತನಕ ಎಲ್ಲರೂ ನನ್ನನ್ನು ಅರಿಯುವರು, ಅವರ ಪಾಪವನ್ನು ಇನ್ನು ನೆನಪಿಗೆ ತರೆನು.

ಇಲ್ಲಿ ಬದಲಾಗದೆ ಉಳಿದದ್ದನ್ನು ಮೊದಲು ಹುಡುಕಿಸಿ. ದೇವರು ಅವರೇ. ಧರ್ಮೋಪದೇಶವೂ ಅದೇ. "ನಾನು ನಿಮ್ಮ ದೇವರು, ನೀವು ನನ್ನ ಜನ" ಅನ್ನುವ ಸಂಬಂಧವೂ ಹಳೆಯದೇ. ಬದಲಾದದ್ದು ಬರೆಯುವ ಜಾಗ. ಕಲ್ಲಿನ ಹಲಗೆ ಹೋಗಿ ಎದೆಯ ಹಲಗೆ ಬಂತು. ಯೆಹೆಜ್ಕೇಲ 36:26ನ್ನು ಜೊತೆಗೆ ಓದಿ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವೆನು ಅನ್ನುವ ಮಾತು ಅಲ್ಲಿದೆ. ಪೌಲನು 2 ಕೊರಿಂಥ 3ರಲ್ಲಿ ಈ ಎರಡನ್ನೂ ಸೇರಿಸಿ, ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಅನ್ನುತ್ತಾನೆ. ಇದನ್ನು "ಓದು ಬರಹ ಬೇಡ, ಪ್ರಾರ್ಥನೆ ಸಾಕು" ಅಂತ ತಿರುಗಿಸುವವರಿದ್ದಾರೆ. ಪೌಲ ಹೇಳಿದ್ದು ಅದಲ್ಲ. ಕಲ್ಲಿನ ಮೇಲಿನ ಆಜ್ಞೆ ತಪ್ಪನ್ನು ತೋರಿಸುತ್ತದೆ, ಸರಿ ನಡೆಯುವ ಶಕ್ತಿ ಕೊಡುವುದಿಲ್ಲ ಅಂತ ಅವನ ಮಾತು. ಆಜ್ಞೆಯನ್ನು ಅವನು ಎಂದೂ ಕೆಟ್ಟದ್ದು ಅನ್ನಲಿಲ್ಲ. ರೋಮಾಪುರದವರಿಗೆ 7:12ರಲ್ಲಿ ಪವಿತ್ರವಾದದ್ದು ಅಂತಲೇ ಕರೆದ.

ಹೆಜ್ಜೆ 6: ಮೇಲಂತಸ್ತಿನ ಪಾತ್ರೆ

ಪಸ್ಕದ ಊಟದಲ್ಲಿ ಯೇಸು ಪಾತ್ರೆ ತೆಗೆದುಕೊಂಡು ಹೇಳಿದ ಮಾತನ್ನು ನಾಲ್ಕು ಕಡೆ ಓದಿ: ಮತ್ತಾಯ 26, ಮಾರ್ಕ 14, ಲೂಕ 22, 1 ಕೊರಿಂಥ 11. ಮತ್ತಾಯ, ಮಾರ್ಕರಲ್ಲಿ "ಒಡಂಬಡಿಕೆಯ ರಕ್ತ" ಅಂತ ಇದೆ. ಮೂರನೇ ಹೆಜ್ಜೆಯಲ್ಲಿ ಕೆಳಗೆರೆ ಹಾಕಿದ ಮೋಶೆಯ ಮಾತು ಅದು. ಲೂಕ, ಪೌಲರಲ್ಲಿ "ಹೊಸ ಒಡಂಬಡಿಕೆ" ಅಂತ ಇದೆ. ಅದು ಯೆರೆಮೀಯನ ಮಾತು. ಬೆಟ್ಟದ ಬುಡ ಮತ್ತು ಪ್ರವಾದಿಯ ಮಾತು ಎರಡೂ ಒಂದೇ ಪಾತ್ರೆಯಲ್ಲಿ ಸೇರಿದವು. ಸೀನಾಯಿಯಲ್ಲಿ ರಕ್ತ ಪ್ರಾಣಿಯದು. ಇಲ್ಲಿ ರಕ್ತ ಬರೆದುಕೊಟ್ಟವರದು. ಅಬ್ರಾಮನ ಕತ್ತಲೆಯಲ್ಲಿ ಒಬ್ಬರೇ ಹೋಳುಗಳ ನಡುವೆ ನಡೆದದ್ದು ಈಗ ನೆನಪಾಗಬೇಕು.

ಹೆಜ್ಜೆ 7: ಇಬ್ರಿಯರಿಗೆ 8ರಿಂದ 10, ನಿಧಾನವಾಗಿ

ಇದಕ್ಕೆ ಎರಡು ಸಂಜೆ ಇಡಿ. 8ನೇ ಅಧ್ಯಾಯ ಯೆರೆಮೀಯನ ಆ ನಾಲ್ಕು ವಚನಗಳನ್ನು ಪೂರ್ತಿ ಎತ್ತಿ ಬರೆಯುತ್ತದೆ. ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಹಳೆಯದರಿಂದ ತೆಗೆದುಕೊಂಡ ಅತಿ ಉದ್ದದ ಮಾತು ಇದೇ. ಅದಕ್ಕೆ ಮುಂಚಿನ ವಚನವನ್ನು ಗಮನಿಸಿ. ಮೊದಲನೆಯದರಲ್ಲಿ ಕೊರತೆ ಇತ್ತು ಅಂತ ಒಪ್ಪಿಕೊಂಡು, ಕೂಡಲೇ ತಪ್ಪನ್ನು ಜನರಲ್ಲಿ ಕಾಣುತ್ತದೆ. ಕಾಗದ ಸರಿ ಇತ್ತು, ಹೆಬ್ಬೆಟ್ಟು ಒತ್ತಿದ ಕೈ ಸೋತಿತು.

9ನೇ ಅಧ್ಯಾಯ ಓದುವಾಗ ಇಸ್ರಾಯೇಲರ ಆರಾಧನೆಯ ಗುಡಾರದ ಚಿತ್ರ ಬಿಡಿಸಿ. ಮಕ್ಕಳಿದ್ದರೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿ. ಹೊರಗಿನ ಅಂಗಳ, ಪವಿತ್ರಸ್ಥಾನ, ಪರದೆ, ಮಹಾಪವಿತ್ರಸ್ಥಾನ. ಪರದೆಯ ಒಳಗೆ ಹೋಗುವುದು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೊಂದು ದಿನ. ಯಾಜಕಕಾಂಡ 16ರಲ್ಲಿ ಅದರ ವಿವರ ಇದೆ. ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಈ ಗುಡಾರದಲ್ಲಿ ಕುರ್ಚಿ ಎಲ್ಲಿದೆ? ಮೇಜು ಇದೆ, ದೀಪಸ್ತಂಭ ಇದೆ, ಧೂಪವೇದಿ ಇದೆ, ಆಜ್ಞೆಯ ಹಲಗೆಗಳನ್ನಿಟ್ಟ ಮಂಜೂಷ ಇದೆ. ಯಾಜಕನಿಗೆ ಕೂರಲು ಜಾಗ ಇಲ್ಲ. ಕೃಪಾಸನ ಅನ್ನುವ ಹೆಸರು ಇದೆ ನಿಜ, ಆದರೆ ಅದು ಮಂಜೂಷದ ಮುಚ್ಚಳ. ಅದರ ಮೇಲೆ ಯಾವ ಯಾಜಕನೂ ಕೂರಲಿಲ್ಲ. ಈಗ 10:11–12 ಓದಿಸಿ. ಯಾಜಕರು ದಿನಾಲೂ ನಿಂತುಕೊಂಡೇ ಅದೇ ಯಜ್ಞಗಳನ್ನು ಅರ್ಪಿಸುತ್ತಿದ್ದರು. ಕ್ರಿಸ್ತನು ಒಂದೇ ಯಜ್ಞ ಅರ್ಪಿಸಿ ಕೂತುಕೊಂಡನು. ಕೆಲಸ ಮುಗಿದವರು ಕೂರುತ್ತಾರೆ. ದಿನವಿಡೀ ನಿಂತು ಕೆಲಸ ಮಾಡಿ ಮನೆಗೆ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

9:15ರಿಂದ 17ರಲ್ಲಿ ಒಂದು ತೊಡಕು ಬರುತ್ತದೆ. ಒಡಂಬಡಿಕೆಯ ಮಾತು ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಬರೆದವನ ಸಾವಿನ ಮಾತು ಬರುತ್ತದೆ. ಇದಕ್ಕೆ ಕಾರಣ ಗ್ರೀಕ್ ಪದ. ದಿಯಾಥೇಕೆ ಅಂದರೆ ಒಡಂಬಡಿಕೆಯೂ ಹೌದು, ಮೃತ್ಯುಪತ್ರವೂ ಹೌದು. ಇಬ್ರಿಯ ಗ್ರಂಥಗಳನ್ನು ಗ್ರೀಕ್‌ಗೆ ತಂದವರು ಸರಿಸಮಾನರ ನಡುವಿನ ಕರಾರಿಗೆ ಇದ್ದ ಪದವನ್ನು ಬಿಟ್ಟು ಇದನ್ನು ಆರಿಸಿದರು. ಮೃತ್ಯುಪತ್ರದಲ್ಲಿ ಚೌಕಾಸಿ ಇರುವುದಿಲ್ಲ. ಬರೆಯುವವರು ಬರೆಯುತ್ತಾರೆ, ಪಡೆಯುವವರು ಪಡೆಯುತ್ತಾರೆ. ಬರೆದವರು ಇರುವ ತನಕ ಅದು ಜಾರಿಗೆ ಬರುವುದಿಲ್ಲ. ಇದನ್ನು ಹೇಳಿದಾಗ ಆಯಿ ಅಂದರು, "ಹಂಗಾದ್ರ ಆತ ಸತ್ತ ಮ್ಯಾಲ ನಮಗ ಆಸ್ತಿ ಬಂತು. ಆತ ಎದ್ದು ಬಂದು ತಾನ ಅದನ್ನ ಹಂಚಾಕತ್ತಾನ." ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಹೆಜ್ಜೆ 8: ಹಾಗಾದರೆ ಯಾವುದನ್ನು ಪಾಲಿಸಬೇಕು?

ಈ ಪ್ರಶ್ನೆ ಬಂದೇ ಬರುತ್ತದೆ. ಹಂದಿ ಮಾಂಸ, ಸಬ್ಬತ್, ದಶಮಾಂಶ, ಸುನ್ನತಿ. ಮೊದಲ ಸಭೆಗೂ ಇದೇ ತಲೆಬಿಸಿ ಇತ್ತು. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಕೂಡಿ, ಅನ್ಯಜನರಿಂದ ಬಂದವರಿಗೆ ಸುನ್ನತಿ ಬೇಡ ಅಂತ ತೀರ್ಮಾನಿಸಿತು. ಬಲಿಯ ನಿಯಮಗಳ ಬಗ್ಗೆ ಇಬ್ರಿಯರ ಪತ್ರ ಸ್ಪಷ್ಟವಾಗಿದೆ: ಅವು ಮುಂದೆ ಬರಲಿದ್ದ ಮೇಲುಗಳ ನೆರಳು. ದೇವರನ್ನು, ನೆರೆಯವರನ್ನು ಪ್ರೀತಿಸಬೇಕು ಅನ್ನುವ ಆಜ್ಞೆ ಎಲ್ಲೂ ಹೋಗಿಲ್ಲ. ಯೇಸು ಅದನ್ನು ಎತ್ತಿಕೊಂಡದ್ದೇ ಧರ್ಮೋಪದೇಶಕಾಂಡ ಮತ್ತು ಯಾಜಕಕಾಂಡದಿಂದ.

ನಡುವೆ ಇರುವುದರ ಬಗ್ಗೆ ಸಭೆಗಳು ಒಂದೇ ಮಾತು ಹೇಳುವುದಿಲ್ಲ. ಅಡ್ವೆಂಟಿಸ್ಟರು ಶನಿವಾರದ ಸಬ್ಬತ್ ಇಡುತ್ತಾರೆ, ಉಳಿದ ಹೆಚ್ಚಿನವರು ಭಾನುವಾರ ಕೂಡುತ್ತಾರೆ. ಲೂಥರನ ದಾರಿಯವರು ಆಜ್ಞೆ ಮತ್ತು ಸುವಾರ್ತೆಯನ್ನು ಬಿಡಿಸಿ ಓದುತ್ತಾರೆ. ಕ್ಯಾಲ್ವಿನ್‌ನ ದಾರಿಯವರು ಕೃಪೆಯ ಒಡಂಬಡಿಕೆ ಮೊದಲಿಂದ ಒಂದೇ, ನಡೆಸಿದ ರೀತಿ ಎರಡು ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದಾಗ ಅವರಲ್ಲಿ ಈ ಎರಡೂ ದಾರಿಯವರಿದ್ದರು. ಜೊತೆಗೇ ದುಡಿದರು. ನಮ್ಮ ಕೂಟದಲ್ಲೂ ಅಷ್ಟು ಜಾಗ ಇರಲಿ.

ಎರಡು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಹಳೆ ಪುಸ್ತಕಗಳ ದೇವರು ಸಿಟ್ಟಿನವನು, ಹೊಸದರ ದೇವರು ಪ್ರೀತಿಯವನು ಅಂತ ಯಾರಾದರೂ ಅಂದರೆ ಬಿಡಬೇಡಿ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಅನ್ನುವವನು ಇದನ್ನೇ ಹೇಳಿ ಹಳೆಯದನ್ನು ಪೂರ್ತಿ ತಳ್ಳಿಹಾಕಿದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಇನ್ನೊಂದು, ಯೆಹೂದ್ಯರನ್ನು ದೇವರು ಕೈಬಿಟ್ಟರು ಅನ್ನುವ ಮಾತು. ರೋಮಾಪುರದವರಿಗೆ 11ನೇ ಅಧ್ಯಾಯ ತೆಗೆದು ಮೊದಲ ಎರಡು ವಚನ ಓದಿಸಿ. ಪೌಲನೇ ಖಂಡಿತ ಇಲ್ಲ ಅನ್ನುತ್ತಾನೆ. ಯೆರೆಮೀಯನ ಹೊಸ ಒಡಂಬಡಿಕೆ ಇಸ್ರಾಯೇಲ್ ಮತ್ತು ಯೆಹೂದ ವಂಶದ ಹೆಸರಿಗೇ ಬರೆದದ್ದು. ನಾವು ಅದರೊಳಗೆ ಆಮೇಲೆ ಸೇರಿಸಿಕೊಂಡವರು. ಈ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿ.

ಕೊನೆಯ ಸಂಜೆ

ಕರ್ತನ ಭೋಜನ ಇರುವ ಭಾನುವಾರದ ಹಿಂದಿನ ಗುರುವಾರಕ್ಕೆ ಇದನ್ನು ಇಟ್ಟುಕೊಳ್ಳಿ. ಹೊಸ ಪಾಠ ಬೇಡ. ಒಬ್ಬರು ವಿಮೋಚನಕಾಂಡ 24:8 ಓದಲಿ, ಇನ್ನೊಬ್ಬರು ಯೆರೆಮೀಯ 31:33, ಮತ್ತೊಬ್ಬರು ಲೂಕ 22:20. ನಡುವೆ ಯಾರೂ ವಿವರಣೆ ಕೊಡಬಾರದು. ಐದು ಪ್ರಶ್ನೆಗಳನ್ನು ಹೊಸ ಒಡಂಬಡಿಕೆಗೆ ಕೇಳಿ, ಉತ್ತರವನ್ನು ಅವರವರ ನೋಟ್‌ಬುಕ್‌ನಲ್ಲಿ ಅವರೇ ಬರೆಯಲಿ. ನಮ್ಮ ಆಯಿಗೆ ಬರೆಯಲು ಬರುವುದಿಲ್ಲ. ಮೊಮ್ಮಗಳ ಕೈಲಿ ಬರೆಸಿದರು. ಐದನೆಯದಕ್ಕೆ, ನಷ್ಟ ಯಾರಿಗೆ ಅನ್ನುವ ಕಡೆ, ಹುಡುಗಿ "ಯೇಸುವಿಗೆ" ಅಂತ ಬರೆದಳು. ಆಯಿ ಅದರ ಪಕ್ಕ ತಮ್ಮ ಹೆಬ್ಬೆಟ್ಟು ಒತ್ತಿದರು. ಭಾನುವಾರ ಆ ದಪ್ಪ ಪುಸ್ತಕ ಹೊತ್ತುಕೊಂಡೇ ಗುಡಿಗೆ ಬಂದರು.